ಪುಷ್ಪಕ ಏರುವ ಮೊದಲು

ಕನ್ನಡ ಅಧ್ಯಾಪಕನೊಬ್ಬ ಕಂಪ್ಯೂಟರ್ ಆಟಗಳ ವಿಷಯವಾಗಿ ಲೇಖನಿ ಹಿಡಿದರೆ ಎರಡು ಬಗೆಯ ಜನ ನಗುತ್ತಾರೆ. ‘ಇವನಿಗೆ ಪಂಪ, ರನ್ನ, ಹರಿಹರರೆಲ್ಲ ಮುಗಿದರೇನು?’ ಎಂದು ಸಹೋದ್ಯೋಗಿಗಳು. ‘ಇವರಿಗೆ ಇದರ ತಲೆಬುಡವೇನು ಗೊತ್ತು?’ ಎಂದು ಆಟವಾಡುವ ಹುಡುಗರು. ಇಬ್ಬರ ನಗೆಯೂ ನನಗೆ ಮಾನ್ಯವೇ. ಆದರೂ ಬರೆಯುತ್ತೇನೆ. ನನ್ನ ತರಗತಿಯ ಎಷ್ಟೋ ಹುಡುಗರು ಇಂದು ಕಥೆಯೊಂದರೊಳಗೆ ಗಂಟೆಗಟ್ಟಲೆ ಇರುವುದು ಪುಸ್ತಕದಲ್ಲಲ್ಲ, ಈ ಆಟಗಳಲ್ಲಿ. ಕಥೆ ಇರುವ ಕಡೆ ವಿಮರ್ಶೆಗೆ ಪ್ರವೇಶವಿಲ್ಲವೆಂದು ಯಾರೂ ಹೇಳಲಾರರು.

ವಿಷಯ ಪರಿಚಯವಿಲ್ಲದ ಓದುಗರಿಗಾಗಿ ನಾಲ್ಕು ಮಾತು. ಈ ಆಟಗಳಲ್ಲಿ ಆಡುವವನು ಯೋಧನೋ ಮಾಂತ್ರಿಕನೋ ಕಳ್ಳನೋ ಆಗಿ ಒಂದು ಪಾತ್ರವನ್ನು ವಹಿಸಿಕೊಂಡು, ವಿಸ್ತಾರವಾದ ಒಂದು ಲೋಕದಲ್ಲಿ ಮನಬಂದತ್ತ ತಿರುಗಬಹುದು. ಅಲ್ಲಿ ಬೆಟ್ಟ, ಹೊಳೆ, ಅಡವಿ, ಊರು, ಸಂತೆ ಎಲ್ಲವೂ ಉಂಟು. ಒಂದೂರಿನವನು ಇನ್ನೊಂದೂರಿನ ಕೆಲಸ ಹೇಳುತ್ತಾನೆ. ನಡೆದೋ ಕುದುರೆ ಏರಿಯೋ ಅಲ್ಲಿಗೆ ಹೋಗಬೇಕು. ಹಾಗೆ ಹೋಗಲು ಒಮ್ಮೊಮ್ಮೆ ಹತ್ತು ಹದಿನೈದು ನಿಮಿಷ ಹಿಡಿದೀತು. ಅಷ್ಟು ವ್ಯವಧಾನವಿಲ್ಲದವರಿಗಾಗಿ ಒಂದು ಏರ್ಪಾಡನ್ನು ಮಾಡಿದ್ದಾರೆ: ನಕ್ಷೆಯನ್ನು ತೆರೆದು ಊರಿನ ಗುರುತಿನ ಮೇಲೆ ಒತ್ತಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಲ್ಲಿರುತ್ತೀರಿ. ಹುಡುಗರು ಇದನ್ನು ‘ಫಾಸ್ಟ್ ಟ್ರಾವೆಲ್’ ಎನ್ನುತ್ತಾರೆ. ನಾನು ಕ್ಷಿಪ್ರಯಾನವೆನ್ನುತ್ತೇನೆ. ಈ ಅನುಕೂಲ ಎಷ್ಟಿರಬೇಕು, ಆಟದ ತನ್ಮಯತೆಯನ್ನು ಅದು ಎಷ್ಟು ಕೆಡಿಸುತ್ತದೆ ಎಂಬುದು ಆಡುವವರ ನಡುವೆ ಇಪ್ಪತ್ತು ವರ್ಷಗಳಿಂದ ನಡೆದಿರುವ ಜಗಳ. ಆ ಜಗಳದಲ್ಲಿ ನನ್ನದೂ ಒಂದು ಪಕ್ಷವಿದೆ.

ನಾನು ಅದರೊಳಗೆ ಬಿದ್ದದ್ದು ಮಗನ ದೆಸೆಯಿಂದ. ಪಿ.ಯು.ಸಿ. ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ಅವನು ‘ಸ್ಕೈರಿಮ್’ ಎಂಬ ಆಟದಲ್ಲಿ ಮುಳುಗಿದ್ದ. 2011ರಲ್ಲಿ ಬೆಥೆಸ್ಡಾ ಎಂಬ ಅಮೆರಿಕದ ಕಂಪನಿ ತಂದ, ಇಂದಿಗೂ ಜನ ಆಡುತ್ತಿರುವ ಆಟವದು. ಗದರಿಸಬೇಕೆಂದೇ ಹೋದವನು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತೆ. ಹಿಮ ಮುಸುಕಿದ ಬೆಟ್ಟಗಳು, ಪೈನ್ ಮರಗಳ ಕಾಡು, ಬಂಡೆಗಳ ನಡುವೆ ಧುಮುಕುವ ಹೊಳೆ. ನೋಡುತ್ತ ನೋಡುತ್ತ ನನಗೂ ಹಿತವೆನ್ನಿಸಿತು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಬೆಳಕು ಬಂದಾಗ ಬೇರೆ ಊರು.

“ಇದೇನೋ, ಈಗ ಆ ಊರಾಗಿದ್ದಿ, ಈಗ ಈ ಊರಾಗ?” ಎಂದೆ.

“ಅಲ್ಲಿತನಾ ಯಾರ್ ನಡೀತಾರಪ್ಪಾ? ಇಲ್ಲಿ ಒತ್ತಿದ್ರ ಆಯ್ತು.”

“ನಡುವ ದಾರ್ಯಾಗ ಏನದ?”

“ಏನಿಲ್ಲ. ದಾರಿ ಅದ.”

ಈ ಉತ್ತರ ನನ್ನನ್ನು ಆ ರಾತ್ರಿ ನಿದ್ದೆ ಮಾಡಗೊಡಲಿಲ್ಲವೆಂದರೆ ಅತಿಶಯೋಕ್ತಿಯಾದೀತು. ಆದರೆ ಮರುದಿನ ಕಾಲೇಜಿನಲ್ಲಿ ಅದನ್ನೇ ಹೇಳಿದೆ. ಅಧ್ಯಾಪಕರ ಕೊಠಡಿಯಲ್ಲಿ ಕೂಡಲೇ ಎರಡು ಪಕ್ಷಗಳಾದವು. ಆ ಎರಡೂ ಪಕ್ಷಗಳು ತಪ್ಪೆಂಬುದು ನನ್ನ ವಾದ.

ಮೊದಲನೆಯ ಪಕ್ಷ ಹಿರಿಯರದು. “ನಾವೆಲ್ಲ ಹರದಾರಿಗಟ್ಟಲೆ ನಡದು ಸಾಲಿ ಕಲ್ತವರು, ಇವಕ್ಕ ಆಟದಾಗೂ ನಡೀಲಿಕ್ಕಾಗವಲ್ದು” ಎಂದರು ಒಬ್ಬರು. ಕೊಠಡಿ ತಲೆದೂಗಿತು. ಆಟಗಳ ಲೋಕದಲ್ಲಿಯೂ ಇಂಥ ಮಡಿವಂತರುಂಟು: ಕ್ಷಿಪ್ರಯಾನವನ್ನು ಬಳಸಿದವನು ಆಟವನ್ನೇ ಆಡಲಿಲ್ಲ, ನಡಿಗೆಯೇ ತಪಸ್ಸು ಎನ್ನುವವರು. ಇವರಿಗೆ ನಾನು ಹೇಳುವುದು ಇಷ್ಟು. ನಾನೂ ನಡೆದು ಕಲಿತವನೇ. ಅಫಜಲಪುರ ತಾಲೂಕಿನಲ್ಲಿ, ಭೀಮೆಯ ದಂಡೆಗೆ ಹತ್ತಿರದ ಒಂದು ಹಳ್ಳಿಯವನು. ಪ್ರೌಢಶಾಲೆಗೆ ಐದು ಕಿಲೋಮೀಟರು ಹೋಗಿ ಐದು ಕಿಲೋಮೀಟರು ಬರುತ್ತಿದ್ದೆ. ಬಸ್ಸಿರಲಿಲ್ಲವಾದ್ದರಿಂದ ನಡೆದೆ, ತಪಸ್ಸಿಗಲ್ಲ. ನನಗಿಂತ ಚುರುಕಾಗಿದ್ದ ನನ್ನ ಅಕ್ಕ ಏಳನೆಯ ಇಯತ್ತೆಗೆ ಶಾಲೆ ಬಿಟ್ಟಳು; ಆ ಐದು ಕಿಲೋಮೀಟರಿನ ನಡುವೆ ಒಂದು ಹಳ್ಳವಿತ್ತು, ಒಬ್ಬಳೇ ಹೆಣ್ಣುಮಗಳನ್ನು ಕಳಿಸಲಾಗದೆಂದು ಮನೆಯವರು ತೀರ್ಮಾನಿಸಿದರು. ನಡಿಗೆಯ ಮಹಿಮೆಯನ್ನು ಹಾಡುವವರು ಒಮ್ಮೆ ಅವಳ ಮುಂದೆ ಕುಳಿತು ಹಾಡಲಿ. ಅನುಕೂಲವೆಂಬುದು ಇಲ್ಲದವನಿಗೆ ಅನ್ನದಷ್ಟೇ ದೊಡ್ಡದು. ಅದನ್ನು ಪಾಪವೆನ್ನುವ ಅಧಿಕಾರ ಉಂಡವರಿಗಿಲ್ಲ.

ಆಟದ ಮಾತಿಗೂ ಇದು ಸಲ್ಲುತ್ತದೆ. ದಿನವಿಡೀ ದುಡಿದು ರಾತ್ರಿ ಅರ್ಧ ತಾಸು ಆಡುವವನಿಗೆ, ಹದಿನೈದು ನಿಮಿಷ ಹುಲ್ಲುಗಾವಲಿನಲ್ಲಿ ಕೀಲಿ ಒತ್ತಿ ಹಿಡಿದುಕೊಂಡೇ ಇರು ಎನ್ನುವುದು ನ್ಯಾಯವಲ್ಲ. ಕೈಬೆರಳು ಸ್ವಾಧೀನದಲ್ಲಿಲ್ಲದವನಿಗೆ ಅದು ಹಿಂಸೆ. ಹಾದಿಯಲ್ಲಿ ಏನನ್ನೂ ಇಡದೆ ಬರಿಯ ದೂರವನ್ನು ಹಾಸಿ ‘ತನ್ಮಯನಾಗು’ ಎನ್ನುವ ಆಟಗಳೂ ಇವೆ. ನಮ್ಮ ಚಂಪೂ ಕವಿಗಳ ಅಷ್ಟಾದಶ ವರ್ಣನೆಗಳಲ್ಲಿ ಎಷ್ಟನ್ನೋ ನಾನೇ ಹಾರಿಸಿ ಓದುವವನು. ಪಾಠ ಮಾಡುವಾಗ ಮಾತ್ರ ಗಂಭೀರವಾಗಿ ‘ಕವಿಯ ವರ್ಣನಾ ಕೌಶಲ’ ಎನ್ನುತ್ತೇನೆ. ಉದ್ದವಾದದ್ದೆಲ್ಲ ಗಹನವೂ ಅಲ್ಲ, ತಡವಾದದ್ದೆಲ್ಲ ತನ್ಮಯತೆಯೂ ಅಲ್ಲ.

ಎರಡನೆಯ ಪಕ್ಷ ಕಿರಿಯರದು, ಮತ್ತು ಇದೇ ಹೆಚ್ಚು ಅಪಾಯಕಾರಿ. ಏಕೆಂದರೆ ಕೇಳುವುದಕ್ಕೆ ತೀರ ವಿವೇಕದ ಮಾತಿನಂತಿದೆ. ‘ಬೇಡವಾದವನು ಒತ್ತದಿರಲಿ, ಬೇಕಾದವನು ಒತ್ತಲಿ. ಗುಂಡಿ ಇದ್ದರೆ ನಿಮಗೇನು ನಷ್ಟ?’ ಸ್ವಾತಂತ್ರ್ಯದ ಹೆಸರಿನಲ್ಲಿ ಬಂದ ವಾದಕ್ಕೆ ತಟ್ಟನೆ ಉತ್ತರ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ. ಎರಡು ತಿಂಗಳು ನಾನೇ ಆಡಿದ ಮೇಲೆ, ಇದೇ ಕಂಪನಿಯ ಹಳೆಯ ಆಟಗಳನ್ನೂ ಮಗನಿಂದ ಹಾಕಿಸಿಕೊಂಡು ನೋಡಿದ ಮೇಲೆ, ಹೊಳೆಯಿತು.

2002ರಲ್ಲಿ ಆ ಕಂಪನಿ ತಂದ ಆಟ ‘ಮಾರೋವಿಂಡ್’. ಅದರಲ್ಲಿ ನಕ್ಷೆಯ ಮೇಲೆ ಒತ್ತಿ ಹಾರುವ ಅನುಕೂಲವಿಲ್ಲ. ಹಾಗೆಂದು ಎಲ್ಲೆಡೆ ನಡೆಯಲೇಬೇಕೆಂದೂ ಇಲ್ಲ. ಊರ ಹೊರಗೆ ಕಟ್ಟೆಯ ಬಳಿ ಮನೆಗಿಂತ ಎತ್ತರವಾದ, ನೀಳ ಕಾಲುಗಳ ದೈತ್ಯ ಹುಳುವೊಂದು ನಿಂತಿರುತ್ತದೆ. ಅದರ ಸವಾರನಿಗೆ ಹಣ ಕೊಟ್ಟರೆ ಮುಂದಿನ ಊರಿಗೆ ಒಯ್ಯುತ್ತಾನೆ. ಬಂದರುಗಳಲ್ಲಿ ದೋಣಿಗಳಿವೆ. ಮಾಂತ್ರಿಕರ ಸಂಘದ ಮನೆಗಳಲ್ಲಿ ಒಬ್ಬರು ದುಡ್ಡು ಪಡೆದು ಇನ್ನೊಂದು ಸಂಘದ ಮನೆಗೆ ಮಂತ್ರದಿಂದ ಕಳಿಸುತ್ತಾರೆ. ಆದರೆ ಯಾವ ಕಟ್ಟೆಯಿಂದಲೂ ಎಲ್ಲ ಊರಿಗೂ ಸವಾರಿಯಿಲ್ಲ. ಇಲ್ಲಿ ಇಳಿದು ಅಲ್ಲಿ ಹತ್ತಬೇಕು. ಸಣ್ಣ ಹಳ್ಳಿಗೋ ಗವಿಗೋ ಹೋಗಬೇಕಾದರೆ ಕೊನೆಯ ಹಾದಿ ಕಾಲ್ನಡಿಗೆಯದೇ. ಆದ್ದರಿಂದ ಕೆಲಸ ಹೇಳಿದವನು ದಾರಿಯನ್ನೂ ಹೇಳುತ್ತಾನೆ: ಇಂಥ ಬಾಗಿಲಿನಿಂದ ಹೊರಡು, ಹೊಳೆಯ ಗುಂಟ ನಡೆ, ಸೇತುವೆ ದಾಟಿದ ಮೇಲೆ ಕೈಮರ ನೋಡಿ ಬಲಕ್ಕೆ ಹೊರಳು. ಒಮ್ಮೊಮ್ಮೆ ತಪ್ಪಾಗಿಯೂ ಹೇಳುತ್ತಾನೆ, ನಮ್ಮಲ್ಲಿ ಹೇಳುವಂತೆಯೇ.

2006ರಲ್ಲಿ ಅವರದೇ ಮುಂದಿನ ಆಟ ‘ಆಬ್ಲಿವಿಯನ್’ ಬಂತು. ಅದರಲ್ಲಿ ದೊಡ್ಡ ಪಟ್ಟಣಗಳು ಮೊದಲ ದಿನದಿಂದಲೇ ನಕ್ಷೆಯಲ್ಲಿ ತೆರೆದಿವೆ. ನೀವು ಕಾಲಿಡದ ಊರಿಗೂ ಒತ್ತಿ ಹೋಗಬಹುದು. ಅದರೊಡನೆಯೇ ದಿಕ್ಸೂಚಿಯಲ್ಲಿ ಒಂದು ಬಾಣದ ಗುರುತೂ ಬಂತು: ಹೋಗಬೇಕಾದ ಕಡೆಗೆ ಅದು ಬೆರಳು ಮಾಡುತ್ತದೆ. 2011ರ ಸ್ಕೈರಿಮ್ ಸ್ವಲ್ಪ ಹಿಂದೆ ಸರಿಯಿತು. ಒಮ್ಮೆ ಕಂಡ ಜಾಗಕ್ಕೆ ಮಾತ್ರ ಹಾರಬಹುದು. ಪಟ್ಟಣಗಳಿಗೆ ಬಾಡಿಗೆ ಗಾಡಿಯುಂಟು. ಆದರೆ ಬಾಣ ಉಳಿಯಿತು.

ಈಗ ‘ಬೇಡವಾದರೆ ಒತ್ತಬೇಡ’ ಎನ್ನುವವರ ಮಾತನ್ನು ಪರೀಕ್ಷಿಸೋಣ. ನಾನು ಒತ್ತದಿರಲು ನಿಶ್ಚಯಿಸಿದೆ. ಬಾಣವನ್ನೂ ನೋಡದೆ ನಡೆಯಲು ಹೊರಟೆ. ನಡೆಯುವುದೆಲ್ಲಿಗೆ? ಕೆಲಸ ಹೇಳಿದ ಪುಣ್ಯಾತ್ಮ ಬಹುಮಟ್ಟಿಗೆ ಗವಿಯ ಹೆಸರನ್ನಷ್ಟೇ ಹೇಳಿ ಸುಮ್ಮನಾಗುತ್ತಾನೆ. ಆ ಮಾತುಗಳನ್ನು ಬರೆದವನಿಗೆ ಗೊತ್ತು, ಬಾಣವಿದೆ, ಗುಂಡಿಯಿದೆ. ದಾರಿ ಹೇಳುವ ಶ್ರಮವೇಕೆ? ಗುಂಡಿ ಒತ್ತುವವನಿಗಾಗಿ ದಾರಿಯ ಮಾತನ್ನು ಕಿತ್ತ ಮೇಲೆ ಒತ್ತದವನಿಗೂ ಅದು ಸಿಕ್ಕುವುದಿಲ್ಲ. ಇದನ್ನು ಸ್ವಾತಂತ್ರ್ಯವೆನ್ನುವುದು, ಊಟದಲ್ಲಿ ಉಪ್ಪನ್ನೇ ಹಾಕದೆ ‘ಬೇಕಾದವರು ಸಪ್ಪೆ ಉಣ್ಣಬಹುದು, ಬೇಡವಾದವರು ಬಿಡಬಹುದು’ ಎಂದಂತೆ. 2017ರಲ್ಲಿ ಅದೇ ಕಂಪನಿ ಅದೇ ಸ್ಕೈರಿಮ್‌ಗೆ ಹಸಿವು, ಚಳಿ, ದಣಿವುಗಳನ್ನು ಸೇರಿಸಿ, ನಕ್ಷೆಯ ಹಾರಾಟವನ್ನು ತೆಗೆದು, ಬಾಡಿಗೆ ಗಾಡಿಯನ್ನು ಮಾತ್ರ ಉಳಿಸಿದ ಒಂದು ಕಠಿಣ ಕ್ರಮವನ್ನು ಹೊರತಂದಿತು. ಒತ್ತದಿರುವ ಸ್ವಾತಂತ್ರ್ಯವೇ ಸಾಕಾಗಿದ್ದರೆ ಇದರ ಅಗತ್ಯ ಬೀಳುತ್ತಿರಲಿಲ್ಲ.

ದಾರಿಯ ಮಾತು ಎಂದೆನಲ್ಲ, ಕನ್ನಡ ಅಧ್ಯಾಪಕನಾದ ನನಗೆ ನೋವಾಗುವುದು ಅಲ್ಲಿ. ನಮ್ಮ ಊರ ಕಡೆ ದಾರಿ ಕೇಳಿದವನಿಗೆ ಹಿರಿಯರು ಹೇಳುತ್ತಿದ್ದ ಬಗೆ ನೆನಪಾಗುತ್ತದೆ: ‘ಅಗಸಿ ದಾಟು, ಹಣಮಪ್ಪನ ಗುಡಿ ಎಡಕ್ಕ ಬಿಡು, ಹಳ್ಳ ಇಳದು ದಿನ್ನಿ ಏರಿದಿ ಅಂದ್ರ ಜೋಡಿ ಬೇವಿನ ಗಿಡ, ಅಲ್ಲಿಂದ ಒಡ್ಡಿನ ಗುಂಟ ಬಂಡಿಜಾಡು ಹಿಡಿ, ಮಡ್ಡಿ ಮುಗದು ಎರಿ ಹತ್ತಿತಂದ್ರ ಅದೇ ಊರು.’ ಅಗಸಿ, ದಿನ್ನಿ, ಒಡ್ಡು, ಬಂಡಿಜಾಡು, ಮಡ್ಡಿ, ಎರಿ. ನಾಲ್ಕು ಸಾಲಿನಲ್ಲಿ ಭೂಮಿಯ ಆರು ಹೆಸರು. ಇವುಗಳನ್ನು ನಾನು ನಿಘಂಟಿನಿಂದ ಕಲಿಯಲಿಲ್ಲ. ಇಂದು ಆ ಊರಿಗೆ ದಾರಿ ಕೇಳಿದರೆ ‘ಲೊಕೇಶನ್ ಕಳಿಸ್ತೀನ್ರಿ’ ಎನ್ನುತ್ತಾರೆ. ಕಳಿಸಲಿ, ನಾನೂ ಅದನ್ನು ನಂಬಿಯೇ ಮದುವೆ ಮನೆಗಳನ್ನು ತಲುಪುತ್ತೇನೆ. ಆದರೆ ದಾರಿ ಹೇಳುವ ಪ್ರಸಂಗವೇ ಬಾರದ ಕಡೆ ದಾರಿಯ ಹೆಸರುಗಳು ಎಷ್ಟು ದಿನ ಉಳಿದಾವು?

ಇಲ್ಲಿ ಮಡಿವಂತರು ನನ್ನ ಬೆನ್ನು ತಟ್ಟಲು ಬಂದರೆ ತಡೆಯುತ್ತೇನೆ. ತಪ್ಪು ವಾಹನದ್ದಲ್ಲ. ಇದನ್ನು ನನಗೆ ಕಲಿಸಿದವಳು ಒಬ್ಬ ವಿದ್ಯಾರ್ಥಿನಿ. ನಾನು ಪಾಠ ಹೇಳುವುದು ಆಳಂದದ ಒಂದು ಕಾಲೇಜಿನಲ್ಲಿ. ಈ ಚರ್ಚೆಯ ಗುಂಗಿನಲ್ಲಿದ್ದಾಗ ಬಿ.ಎ. ಮೊದಲ ವರ್ಷದವರಿಗೆ ‘ನಮ್ಮ ಮನೆಯಿಂದ ಕಾಲೇಜಿಗೆ’ ಎಂಬ ಪ್ರಬಂಧ ಬರೆಯಲು ಹೇಳಿದೆ. ಸ್ವಂತ ಬೈಕಿನಲ್ಲಿ, ಕಿವಿಗೆ ಹಾಡು ಸಿಕ್ಕಿಸಿಕೊಂಡು ಬರುವ ಹುಡುಗನೊಬ್ಬ ಬರೆದದ್ದು ಮೂರು ಸಾಲು. ಅದರಲ್ಲಿ ಒಂದು ಸಾಲು ಕಿಲೋಮೀಟರಿನ ಲೆಕ್ಕ. ಬಸ್ಸಿನಲ್ಲಿ ಬರುವ ಹುಡುಗಿ ನಾಲ್ಕು ಪುಟ ಬರೆದಿದ್ದಳು. ಮೊದಲ ಬಸ್ಸಿಗೆ ಕ್ರಾಸಿನವರೆಗೆ ಕತ್ತಲಲ್ಲಿ ನಡೆಯುವುದು. ತಡವಾಗಿ ಓಡಿಬರುವ ಮುದುಕಿಗಾಗಿ ಡ್ರೈವರ್ ಕಾಯುವುದು. ಶ್ರಾವಣದಲ್ಲಿ ಹಸುರಾಗಿದ್ದ ತೊಗರಿ ಹೊಲ ಮುಂದೆ ಹಳದಿ ಹೂ ಬಿಟ್ಟು ಮಾಗಿಯಲ್ಲಿ ಕಟಾವಾಗುವವರೆಗಿನ ಬಣ್ಣಗಳು. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯದ ಹುಡುಗರು ಇಳಿದ ಮೇಲೆ ಸೀಟು ಸಿಕ್ಕುವುದು. ಕೊನೆಯಲ್ಲಿ ಒಂದು ವಾಕ್ಯ: ಹೆಣ್ಣುಮಕ್ಕಳಿಗೆ ಬಸ್ಸಿನ ಚಾರ್ಜು ಇಲ್ಲವಾದ್ದರಿಂದ ಅವ್ವ ಕಾಲೇಜಿಗೆ ಒಪ್ಪಿದಳು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ವಿಷಯವಾಗಿ ಬೇಕಾದಷ್ಟು ವಾದ ವಿವಾದಗಳನ್ನು ಓದಿದ್ದೇನೆ. ಆ ಒಂದು ವಾಕ್ಯ ಓದಿ ನನಗೆ ನೆನಪಾದದ್ದು ಏಳನೆಯ ಇಯತ್ತೆಗೆ ನಿಂತ ಅಕ್ಕ.

ಈ ಎರಡು ಪ್ರಬಂಧಗಳನ್ನು ಮುಂದಿಟ್ಟುಕೊಂಡಾಗ ಸಮಸ್ಯೆಯ ಗಂಟು ಸಡಿಲಾಯಿತು. ಬೇಗ ಹೋದವಳೇ ಹೆಚ್ಚು ಕಂಡಿದ್ದಳು. ಏಕೆಂದರೆ ಬಸ್ಸು ದಾರಿಯನ್ನು ಬೇಗ ಮುಗಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಅದಕ್ಕೆ ನಿಲ್ದಾಣಗಳಿವೆ, ವೇಳೆಯಿದೆ, ಕಾಯುವಿಕೆಯಿದೆ, ಜೊತೆಗೆ ಕೂರುವವರಿದ್ದಾರೆ. ಅದು ಆ ಲೋಕದ್ದೇ ಒಂದು ವಸ್ತು. ನಕ್ಷೆಯ ಮೇಲಿನ ಗುಂಡಿ ಆ ಲೋಕದ್ದಲ್ಲ. ಆಟದ ಪಾತ್ರಕ್ಕೆ ಆ ಗುಂಡಿಯ ಅರಿವಿಲ್ಲ. ಅದನ್ನು ಒತ್ತುವ ಬೆರಳು ಹೊರಗಿನದು. ತನ್ಮಯತೆ ಮುರಿಯುವುದು ವೇಗದಿಂದಲ್ಲ, ಈ ಹೊರಗಿನ ಬೆರಳಿನಿಂದ. ಅನುಕೂಲವನ್ನೂ ತನ್ಮಯತೆಯನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ‘ಇದು ಇಷ್ಟು, ಅದು ಅಷ್ಟು’ ಎಂದು ತೂಗುವ ಸಮನ್ವಯವಾದಿಗಳು ಇದನ್ನು ಗಮನಿಸಿಲ್ಲ. ಒಂದರಲ್ಲಿ ಕಳೆದು ಇನ್ನೊಂದರಲ್ಲಿ ಕೂಡುವ ಲೆಕ್ಕ ಇದಲ್ಲ; ಅನುಕೂಲವನ್ನು ಲೋಕದೊಳಗೆ ಇಟ್ಟರೆ ಎರಡೂ ಒಟ್ಟಿಗೆ ಹೆಚ್ಚುತ್ತವೆ.

ನಮ್ಮ ಸೀಮೆಯನ್ನೇ ನೋಡಿ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ಕಲಬುರಗಿ ಜಿಲ್ಲೆಯ ನಕ್ಷೆಯಲ್ಲಿ ಬೆರಳು ಚಾಚಿದರೆ ಸಿಕ್ಕುವ ಊರುಗಳು. ನಾನು ಹುಟ್ಟಿದ್ದು ಅಫಜಲಪುರದ ಕಡೆ, ಅನ್ನ ಉಣ್ಣುವುದು ಆಳಂದದಲ್ಲಿ, ಹೆಂಡತಿಯ ತವರು ಜೇವರ್ಗಿಯ ಬಳಿ. ಆಳಂದದಿಂದ ಜೇವರ್ಗಿಗೆ ಹೊರಟರೆ ನಾನು ಕಲಬುರಗಿಯಲ್ಲಿ ಇಳಿದು ಬಸ್ಸು ಬದಲಿಸುತ್ತೇನೆ. ನೀರು ಹಾಗಲ್ಲ: ಆಳಂದ ತಾಲೂಕಿನಲ್ಲಿ ಹರಿಯುವ ಅಮರ್ಜಾ ಕೆಳಗಿಳಿದು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ, ಭೀಮೆ ಮುಂದೆ ಜೇವರ್ಗಿಯ ಕಡೆಗೆ ಹರಿಯುತ್ತದೆ. ಬಸ್ಸಿನ ದಾರಿ ಒಂದು, ಹೊಳೆಯ ದಾರಿ ಒಂದು. ಅಫಜಲಪುರ ಭೀಮೆಯ ಉತ್ತರಕ್ಕೆ, ಜೇವರ್ಗಿ ದಕ್ಷಿಣಕ್ಕೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಎರಡೂ ತಾಲೂಕುಗಳ ಹಳ್ಳಿಗಳಿಗೆ ನೀರು ನುಗ್ಗಿದಾಗ ಈ ದಂಡೆಗೂ ಆ ದಂಡೆಗೂ ಎಷ್ಟು ದೂರವೆಂಬುದು ಗೊತ್ತಾಯಿತು. ನಕ್ಷೆಯ ಗುಂಡಿಗೆ ಹೊಳೆಯೂ ಒಂದೇ, ಬಯಲೂ ಒಂದೇ. ಪ್ರವಾಹದ ದಿನವೂ ಅದು ಹಾರಿಸುತ್ತದೆ. ಆದ್ದರಿಂದ ಹಾರಿಬಂದವನಿಗೆ ಹೊಳೆಯ ಪರಿಚಯವಾಗುವುದಿಲ್ಲ.

ಗಾಣಗಾಪುರದ ಮಾತು ಬಂತು. ದತ್ತಾತ್ರೇಯ ಕ್ಷೇತ್ರಕ್ಕೆ ರೈಲಿನಲ್ಲಿ ಬರುವವರು ಇಳಿಯುವ ನಿಲ್ದಾಣದ ಹೆಸರು ‘ಗಾಣಗಾಪುರ ರೋಡ್’. ಕ್ಷೇತ್ರ ಅಲ್ಲಿಂದ ಇನ್ನೂ ಸುಮಾರು 20 ಕಿಲೋಮೀಟರು. ಹೊಸಬರು ಇಳಿದು ‘ಗುಡಿ ಎಲ್ಲಿ?’ ಎಂದು ಕಕ್ಕಾಬಿಕ್ಕಿಯಾಗುವುದನ್ನು ಕಂಡಿದ್ದೇನೆ. ನನಗೆ ಆ ಹೆಸರು ಬಹಳ ಪ್ರಾಮಾಣಿಕವೆನಿಸುತ್ತದೆ: ರೈಲು ನಿಮ್ಮನ್ನು ಊರಿಗೆ ತಂದುಬಿಟ್ಟಿಲ್ಲ, ರೋಡಿಗೆ ತಂದಿದೆ. ಮುಂದೆ ಬೇರೆ ವಾಹನ ಹಿಡಿಯಬೇಕು. ಬೇಕೆಂದವರು ಸಂಗಮದಲ್ಲಿ ಮಿಂದು ಗುಡಿಯವರೆಗೆ ನಡೆದು ಬರುತ್ತಾರೆ. ನೂರಾರು ಮೈಲಿಯನ್ನು ರೈಲಿಗೆ ಒಪ್ಪಿಸಿ ಕೊನೆಯದನ್ನು ಕಾಲಿಗೆ ಉಳಿಸಿಕೊಂಡವನ ಭಕ್ತಿಯನ್ನು ಯಾರೂ ಅರ್ಧ ಭಕ್ತಿ ಎಂದಿಲ್ಲ. 2015ರಲ್ಲಿ ಪೋಲೆಂಡಿನಿಂದ ಬಂದ ‘ದಿ ವಿಚರ್ 3’ ಎಂಬ ಆಟದಲ್ಲಿ ಹೆಚ್ಚುಕಡಮೆ ಇದೇ ನಿಯಮ: ಹಾದಿಯಲ್ಲಿ ಕಂಡ ಕೈಮರದ ಬಳಿಗೆ ಹೋಗಿ, ಮೊದಲು ಕಂಡಿದ್ದ ಇನ್ನೊಂದು ಕೈಮರಕ್ಕೆ ಹಾರಬಹುದು, ಅಲ್ಲಿಂದ ಮುಂದೆ ಕುದುರೆ.

ನಮ್ಮ ಕವಿಗಳಿಗೆ ಈ ಸಮಸ್ಯೆ ತಿಳಿದಿರಲಿಲ್ಲವೆಂದು ಭಾವಿಸಬೇಡಿ. ರಾಮಾಯಣದಲ್ಲಿ ಪುಷ್ಪಕ ವಿಮಾನವಿದೆ. ಆದರೆ ಅದು ರಾಮನಿಗೆ ದೊರೆಯುವುದು ಯಾವಾಗ? ಅಯೋಧ್ಯೆಯಿಂದ ಲಂಕೆಯವರೆಗೆ ಕಾಡು ಹೊಳೆಗಳನ್ನು ನಡೆದು, ಕಡಲಿಗೆ ಸೇತುವೆ ಕಟ್ಟಿಸಿ ದಾಟಿದ ಮೇಲೆ, ಮರಳುವ ದಾರಿಗೆ. ಏರಿದ ಮೇಲೆಯೂ ವಾಲ್ಮೀಕಿ ಅವನನ್ನು ನೇರವಾಗಿ ಅಯೋಧ್ಯೆಯಲ್ಲಿ ಇಳಿಸುವುದಿಲ್ಲ. ಸೇತು, ಕಿಷ್ಕಿಂಧೆ, ಋಷ್ಯಮೂಕ, ಪಂಪಾ, ಚಿತ್ರಕೂಟಗಳನ್ನು ಮೇಲಿನಿಂದ ಸೀತೆಗೆ ಬೆರಳು ಮಾಡಿ ತೋರಿಸುತ್ತ ಬರುತ್ತಾನೆ. ನಡೆದಿದ್ದರಿಂದಲೇ ತೋರಿಸಲು ಅವನಲ್ಲಿ ಏನಾದರೂ ಇತ್ತು. ಅರಣ್ಯಕಾಂಡದಲ್ಲಿಯೇ ಪುಷ್ಪಕ ಕೈಗೆ ಸಿಕ್ಕಿದ್ದರೆ ರಾಮಾಯಣದ ಪುಟಗಳು ಬಹಳ ಉಳಿಯುತ್ತಿದ್ದವು, ರಾಮಾಯಣ ಉಳಿಯುತ್ತಿತ್ತೇ?

ನಳೋಪಾಖ್ಯಾನವಂತೂ ಇದಕ್ಕಾಗಿಯೇ ಬರೆದಂತಿದೆ. ಬಾಹುಕನ ವೇಷದ ನಳ, ಋತುಪರ್ಣನ ರಥವನ್ನು ಒಂದೇ ದಿನದಲ್ಲಿ ಅಯೋಧ್ಯೆಯಿಂದ ವಿದರ್ಭಕ್ಕೆ ಹೊಡೆಯುತ್ತಾನೆ. ದಾರಿಯಲ್ಲಿ ರಾಜನ ಉತ್ತರೀಯ ಬಿತ್ತು. ನಿಲ್ಲಿಸು ಎಂದರೆ, ಅದು ಆಗಲೇ ಒಂದು ಯೋಜನ ಹಿಂದೆ ಉಳಿಯಿತೆಂದು ಸಾರಥಿ ಹೇಳುತ್ತಾನೆ. ವೇಗದಲ್ಲಿ ಬಿದ್ದದ್ದು ಮತ್ತೆ ಸಿಕ್ಕುವುದಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ತಾರೆಯ ಮರವೊಂದನ್ನು ಕಂಡು ರಾಜ ಅದರ ಎಲೆ ಕಾಯಿಗಳ ಲೆಕ್ಕ ಹೇಳಿದಾಗ, ಅದೇ ಸಾರಥಿ ಹಟ ಹಿಡಿದು ರಥ ನಿಲ್ಲಿಸಿ ಎಣಿಸುತ್ತಾನೆ. ಆ ನಿಲುಗಡೆಯಲ್ಲಿ ಅವನಿಗೆ ಅಕ್ಷವಿದ್ಯೆ ದೊರೆಯುತ್ತದೆ, ಮೈಹೊಕ್ಕಿದ್ದ ಕಲಿ ಬಿಟ್ಟುಹೋಗುತ್ತಾನೆ. ಅಷ್ಟು ವೇಗದ ಪಯಣದಲ್ಲಿಯೂ ಕಥೆ ನಡೆದದ್ದು ರಥ ನಿಂತ ಕಡೆ. ನಿಲ್ಲಲು ಒಂದು ಮರ ದಾರಿಯಲ್ಲಿತ್ತು, ರಥವೂ ದಾರಿಯ ಮೇಲಿತ್ತು ಎಂಬುದನ್ನು ಮರೆಯಬಾರದು.

ಆಟದ ಕರ್ತೃಗಳಲ್ಲಿಯೂ ಇದನ್ನು ಬಲ್ಲವರಿದ್ದಾರೆ. 2018ರ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ 1403ರ ಬೊಹಿಮಿಯಾದಲ್ಲಿ ನಡೆಯುವ ಕಥೆ. ಅದರಲ್ಲಿಯೂ ನಕ್ಷೆಯ ಮೇಲೆ ಒತ್ತಬಹುದು; ಆದರೆ ಒಂದು ಪುಟ್ಟ ಬೊಂಬೆ ರಸ್ತೆಯ ಗುಂಟ ಸಾಗುವುದು ಕಾಣುತ್ತದೆ, ಹೊತ್ತು ಇಳಿಯುತ್ತದೆ, ಹಸಿವು ದಣಿವು ಏರುತ್ತವೆ, ದರೋಡೆಕೋರರು ಅಡ್ಡಗಟ್ಟಿದರೆ ಅಲ್ಲಿಯೇ ಇಳಿದು ಎದುರಿಸಬೇಕು. ಕವಿ ‘ಕೆಲವು ಪಯಣಗಳಿಂದ’ ಎಂಬೆರಡು ಮಾತಿನಲ್ಲಿ ಕಾಡು ದಾಟಿಸುವಂಥ ಸಂಕ್ಷೇಪವಿದು. ಸಂಕ್ಷೇಪಕ್ಕೆ ನನ್ನ ಆಕ್ಷೇಪಣೆಯಿಲ್ಲ. 2024ರಲ್ಲಿ ‘ಡ್ರ್ಯಾಗನ್ಸ್ ಡಾಗ್ಮಾ 2’ ಆಟದ ನಿರ್ದೇಶಕ ಹಿದೆಆಕಿ ಇತ್ಸುನೊ, ಪಯಣ ಬೇಸರವೆನಿಸಿದರೆ ಅದು ಆಟವೇ ಬೇಸರವಾಗಿರುವುದರ ಲಕ್ಷಣ ಎಂಬರ್ಥದ ಮಾತಾಡಿದರು. ಅವರ ಆಟದಲ್ಲಿ ಎತ್ತಿನ ಗಾಡಿಯುಂಟು. ನಡುದಾರಿಯಲ್ಲಿ ಅದರ ಮೇಲೆ ದಾಳಿಯೂ ಆಗಬಹುದು. ಕ್ಷಣದಲ್ಲಿ ಹಾರಿಸುವ ಹರಳುಗಳು ವಿರಳ. ಆ ಮಾತಿಗೆ ನನ್ನ ಸಂಪೂರ್ಣ ಸಮ್ಮತಿ. ಆದರೆ ಅದೇ ಆಟ ಹೊರಬಂದ ದಿನ, ಹಾರಿ ಇಳಿಯುವ ಜಾಗವನ್ನು ಗುರುತಿಸುವ ಒಂದು ಹರಳನ್ನು, ಆಟದೊಳಗೂ ದೊರೆಯುವಂಥದನ್ನು, ಕಂಪನಿ ಬೇರೆಯಾಗಿ ನಿಜವಾದ ದುಡ್ಡಿಗೆ ಮಾರಾಟಕ್ಕಿಟ್ಟಿತ್ತು. ಜನ ಸಿಡಿಮಿಡಿಗೊಂಡದ್ದು ಸಹಜ. ದಾರಿಯ ಮಹತ್ವವನ್ನು ಬೋಧಿಸುವ ಅಂಗಡಿಯಲ್ಲಿಯೇ ದಾರಿ ತಪ್ಪಿಸುವ ಸರಕಿದ್ದರೆ ಬೋಧನೆಯನ್ನು ಯಾರು ನಂಬಬೇಕು?

ಹಾಗಾದರೆ ಇವನು ಬಯಸುವುದೇನು ಎಂದು ಕೇಳುವವರಿಗೆ ಸ್ಪಷ್ಟವಾಗಿ ಹೇಳುತ್ತೇನೆ. ಒಂದು: ಮೊದಲ ಸಲದ ದಾರಿ ಕಾಲಿನದಾಗಲಿ, ಕಾಣದ ಊರಿಗೆ ಹಾರಾಟ ಬೇಡ. ಎರಡು: ಹಾರಾಟವಿದ್ದರೆ ಅದು ಆ ಲೋಕದ ಗಾಡಿಯಿಂದ, ದೋಣಿಯಿಂದ, ಅಲ್ಲಿನ ಮಂತ್ರದಿಂದ ಆಗಲಿ, ಅದಕ್ಕೆ ಕಟ್ಟೆಯಿರಲಿ, ಬಾಡಿಗೆಯಿರಲಿ, ಹೊತ್ತು ಕಳೆಯಲಿ. ಮೂರು: ಅದು ಬಾಗಿಲಿಗೆ ತಂದು ನಿಲ್ಲಿಸದೆ, ಗಾಣಗಾಪುರ ರೋಡಿನಂತೆ, ಒಂದಿಷ್ಟನ್ನು ಉಳಿಸಲಿ. ನಾಲ್ಕು, ಮತ್ತು ಮುಖ್ಯ: ಗಾಡಿಯಿರಲಿ ಬಿಡಲಿ, ಕೆಲಸ ಹೇಳಿದವನು ದಾರಿ ಹೇಳಲಿ. ನಡೆಯಲಾರದ ದೇಹಸ್ಥಿತಿಯವರಿಗೆ ಬೇರೆಯಾಗಿ ಒಂದು ಸೌಕರ್ಯವನ್ನು ಧಾರಾಳವಾಗಿ ಇಡಲಿ. ಅವರ ಹೆಸರು ಹೇಳಿ ಎಲ್ಲರ ದಾರಿಯನ್ನೂ ಕೀಳುವುದು ಬೇಡ.

ಒಂದು ಭಾನುವಾರ ಮಗನನ್ನು ಒಪ್ಪಿಸಿ, ಗುಂಡಿ ಒತ್ತದೆ ಹೈ ಹ್ರೋತ್‌ಗಾರ್ ಎಂಬ ಮಠಕ್ಕೆ ಒಟ್ಟಿಗೆ ಹತ್ತಿದೆವು. ಸ್ಕೈರಿಮ್‌ನಲ್ಲಿ ಅದು ಏಳು ಸಾವಿರ ಮೆಟ್ಟಿಲುಗಳೆಂದು ಹೆಸರಾದ ಯಾತ್ರೆಯ ಹಾದಿ. ನಡುನಡುವೆ ಕಲ್ಲಿನ ಫಲಕಗಳು, ಅವುಗಳ ಮೇಲೆ ಬರಹ. ಮೊದಲ ಸಲ ಅಲ್ಲಿಗೆ ಹಾರಲು ಆ ಆಟವೂ ಬಿಡುವುದಿಲ್ಲ. ಮಗ ಹಿಂದೆ ಒಂದೇ ಉಸಿರಿಗೆ ಓಡಿ ಹತ್ತಿದ್ದನಂತೆ. ಈ ಸಲ ಶಾಸನ ಕಂಡಲ್ಲೆಲ್ಲ ನಾನು ನಿಲ್ಲಿಸಿ ಓದಿಸಿದೆ; ಅದು ನನ್ನ ವೃತ್ತಿಯ ರೋಗ. ದಾರಿಯಲ್ಲಿ ಒಬ್ಬಳು ಯಾತ್ರಿಕಳು ಫಲಕದ ಮುಂದೆ ಕುಳಿತಿದ್ದಳು. “ಈಕಿನ್ನ ನಾ ನೋಡೇ ಇದ್ದಿಲ್ಲ” ಎಂದ. ನಾನು ಏನೂ ಹೇಳಲಿಲ್ಲ. ಗೆದ್ದಾಗ ಸುಮ್ಮನಿರುವುದು ಲೇಸು.

ಎಳ್ಳಮಾವಾಸ್ಯೆಗೆ ಅವನನ್ನು ಊರಿಗೆ ಕರೆದೊಯ್ದೆ. ಬಸ್ಸು ಕ್ರಾಸಿನಲ್ಲಿ ಇಳಿಸಿತು. ಹೊಲಕ್ಕೆ ಹೋಗುವ ದಾರಿಯನ್ನು ಫೋನಿನಲ್ಲಿ ಹುಡುಕಿದ. ನಮ್ಮ ಹೊಲ ಅದರಲ್ಲಿ ಇರಲಿಲ್ಲ. ಬಜ್ಜಿ, ಸಜ್ಜೆ ರೊಟ್ಟಿಯ ಗಂಟು ಹೊತ್ತು ಬಂಡಿಯ ಹಿಂದೆ ಬರುತ್ತಿದ್ದ ನನ್ನ ಅಕ್ಕ ಅವನಿಗೆ ದಾರಿ ಹೇಳಿದಳು: ಯಾವ ಒಡ್ಡು, ಯಾವ ಬನ್ನಿಗಿಡ, ಎಲ್ಲಿ ಹೊರಳಬೇಕು. ಶಾಲೆ ಬಿಟ್ಟವಳು ಒಂದೂ ಹೆಸರು ತಪ್ಪಲಿಲ್ಲ. ಅವನು ಎರಡು ಸಲ ಕೇಳಿ, ಒಂದು ಸಲ ತಪ್ಪಿ, ನಮಗಿಂತ ಮೊದಲು ತಲುಪಿದ.

ಭೀಮೆಯ ದಂಡೆಯ ಕಥೆಯೊಂದನ್ನು ನಮ್ಮ ಹುಡುಗರಲ್ಲೇ ಯಾರಾದರೂ ನಾಳೆ ಇಂಥ ಆಟವಾಗಿ ಮಾಡಿಯಾರು. ಅದರಲ್ಲಿ ಮುದುಕನೊಬ್ಬ ಆಡುವವನಿಗೆ ದಾರಿ ಹೇಳಬೇಕಾದೀತು; ಆ ಮಾತುಗಳನ್ನು ಬರೆಯುವವನಿಗೆ ಒಡ್ಡು, ಮಡ್ಡಿ, ಅಗಸಿಗಳು ಗೊತ್ತಿರಬೇಕಾದೀತು. ನನ್ನ ಜಗಳ ಇರುವುದು ಆ ಮುದುಕನ ಪರವಾಗಿ. ಒಪ್ಪದವರು ಇದೇ ಪುಟದಲ್ಲಿ ಉತ್ತರ ಕೊಡಲಿ, ಸಂತೋಷ. ಆದರೆ ಬರೆಯಲು ಕುಳಿತುಕೊಳ್ಳುವ ಮುನ್ನ ಒಂದು ಕೆಲಸ ಮಾಡಲಿ: ತಮ್ಮ ಮನೆಯ ಬಾಗಿಲಿನಿಂದ ತಮ್ಮ ತಾಯಿಯ ತವರಿನವರೆಗಿನ ದಾರಿಯನ್ನು, ಕಿಲೋಮೀಟರಿನ ಲೆಕ್ಕ ಬಿಟ್ಟು, ಹೆಸರು ಹಿಡಿದು ಎರಡು ಪುಟ ಬರೆದು ನೋಡಲಿ.